ಬಳೆಗಾರನ ತಟ್ಟು ನಿಂತ ಬಾಗಿಲು

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಿಚಿ ಕೂತ್ಕೊಳ್ಳಿ. ಹೊಳೆಸಾಲು ಅಂತ ಒಂದು ರಾಜ್ಯವಿತ್ತು. ಅಲ್ಲಿ ಕೋಟೆಬಾಗಿಲು ದಾಟಿ ಹುರುಳಿ ಬಂದರೂ ಸುಂಕ, ಹಿಂಡಿ ಬಂದರೂ ಸುಂಕ. ಆದರೆ ರಾಜ ಒಳ್ಳೆಯವನು. ಕಸುಬಿಗೆ ದುಡಿಯುವ ಪ್ರಾಣಿಯ ಮೇವಾದರೆ ಸುಂಕ ವಾಪಸು ಕೊಡಿ ಅಂದಿದ್ದ. ಮನೆಯ ಶೋಕಿಗೆ ಸಾಕಿದ್ದಾದರೆ ಇಲ್ಲ.

ಸುಂಕದ ಕಟ್ಟೆಯಲ್ಲಿ ಕೂರುವವಳು ಸಾಕವ್ವ. ಯಾರ ಬುಟ್ಟಿಯಲ್ಲಿ ಏನಿದೆ, ಯಾಕಿದೆ, ಎಲ್ಲಿಗೆ ಹೊರಟಿದೆ, ಎಲ್ಲವೂ ಅವಳಿಗೆ ಬೇಕು. ತಿಳಿಯದಿದ್ದರೆ ಉಂಡ ಅನ್ನ ಅರಗದು.

ಬಳೆಗಾರ ಮುದ್ದಯ್ಯನಿಗೆ ಒಂದು ತಟ್ಟು ಇತ್ತು. ಗಿಡ್ಡ ಕುದುರೆ, ಗುಂಡಗಿನ ಹೊಟ್ಟೆ. ಅದಕ್ಕೆ ತಂದ ಹುರುಳಿಯ ಸುಂಕವನ್ನೆಲ್ಲ ಅವನು ವಾಪಸು ಕೇಳುತ್ತಿದ್ದ.

ಒಂದು ದಿನ ಅವನ ಹೆಂಡತಿ ರೇಷ್ಮೆ ಸೀರೆಯುಟ್ಟು ತಟ್ಟಿನ ಮೇಲೆ ಕೂತು ಬಂದಳು. "ಇದೇನು ಮುದ್ದಯ್ಯ?" ಅಂದಳು ಸಾಕವ್ವ.

"ಅವಳ ಕೈ ನೋಡವ್ವ, ಮೊಣಕೈವರೆಗೂ ಬಳೆ. ಕಂಡೋರು ಕೊಳ್ಳಲಿ ಅಂತ ಕೂರಿಸಿದೀನಿ. ವ್ಯಾಪಾರ."

ಇನ್ನೊಂದು ದಿನ ತಟ್ಟಿನ ಬೆನ್ನ ಮೇಲೆ ಹಲಸಿನ ಹಣ್ಣು. "ಇದೇನು?"

"ಗಿರಾಕಿ ಕಾಸಿಲ್ಲ ಅಂದ್ರು, ಹಣ್ಣು ಕೊಟ್ರು. ವ್ಯಾಪಾರ."

ಮತ್ತೊಂದು ದಿನ ಮುದ್ದಯ್ಯನೇ ತಟ್ಟಿನ ಮೇಲೆ ಗೊರಕೆ ಹೊಡೆಯುತ್ತಾ ಬಂದ. ಸಾಕವ್ವ ಅವನ ಭುಜ ತಟ್ಟಿ ಎಬ್ಬಿಸಿದಳು.

"ಯಾವ ಬಣ್ಣದ ಬಳೆ ತರಿಸ್ಲಿ ಅಂತ ಕಣ್ಮುಚ್ಚಿ ಯೋಚ್ನೆ ಮಾಡ್ತಿದ್ದೆ. ವ್ಯಾಪಾರ."

ಸಾಕವ್ವನಿಗೆ ನಗು ಬಂತು, ಸಿಟ್ಟೂ ಬಂತು. ಆದರೆ ಸುಳ್ಳೆಂದು ತೋರಿಸುವುದು ಹೇಗೆ?

ಮುದ್ದಯ್ಯನನ್ನು ನೋಡಿ ಊರವರೂ ಕಲಿತರು. ನಾಯಿ ಸಾಕಿದವನೂ ಸುಂಕ ವಾಪಸು ಕೇಳಿದ. ರಾಜ ರೇಗಿದ. "ನಾಳೆಯಿಂದ ಯಾರಿಗೂ ವಾಪಸಿಲ್ಲ" ಅಂದ. ಇದನ್ನು ಕೇಳಿ ಬಾಚಣಿಗೆ ಮಾರುವ ಕೆಂಪಕ್ಕ ಕಟ್ಟೆಯ ಮೇಲೇ ಕುಸಿದು ಕೂತಳು. "ಆ ಕಾಸಿಲ್ದೆ ಕತ್ತೆಗೆ ಏನು ಹಾಕ್ಲಿ ಸಾಕವ್ವ? ಕತ್ತೆ ಇಲ್ದೆ ನಾನು ಊರೂರು ಹೆಂಗೆ ತಿರುಗ್ಲಿ?" ಸಾಕವ್ವ ಕಟ್ಟೆಯಿಂದ ಎದ್ದಳು. ಸೀದಾ ಅರಮನೆಗೆ ನಡೆದಳು.

"ಬುದ್ಧೀ, ಮುದ್ದಯ್ಯನ ಬಾಯನ್ನ ಕೇಳೋದು ಬೇಡ. ತಟ್ಟಿನ ಕಾಲನ್ನ ಕೇಳೋಣ."

ರಾಜನಿಗೂ ಕುತೂಹಲ. ಗುರುತು ಸಿಗದಂತೆ ತಲೆಗೆ ಟವೆಲು ಸುತ್ತಿ ಬಂದ. ಸಾಕವ್ವ ತಟ್ಟಿನ ಲಗಾಮನ್ನು ಅದರ ಕೊರಳ ಮೇಲೆ ಬಿಟ್ಟಳು. "ದಿನಾ ಹೋಗೋ ಕಡೆ ಹೋಗಪ್ಪ" ಅಂದಳು. ತಟ್ಟು ಹೊರಟಿತು. ಹಿಂದೆ ರಾಜ, ಸಾಕವ್ವ, ಬೆವರುತ್ತಾ ಮುದ್ದಯ್ಯ.

ಮೊದಲು ಸಂತೆಬೀದಿಯಲ್ಲಿ ನಿಂತಿತು. ಬಳೆ ಕೊಳ್ಳಲು ಹೆಂಗಸರು ಮುತ್ತಿಕೊಂಡರು. "ನೋಡಿದ್ರಾ?" ಅಂತ ಮುದ್ದಯ್ಯ ಬೀಗಿದ.

ಆಮೇಲೆ ಮಾವಿನ ತೋಪಿನಲ್ಲಿ ನಿಂತಿತು. ನೆರಳಲ್ಲಿ ಕೂತವರು ಕೂಗಿದರು. "ಬಾರೋ ಮುದ್ದ, ಕವಡೆ ಹಿಡಿ, ನಿನ್ನೆ ಆಟ ಅರ್ಧಕ್ಕೇ ನಿಂತಿದೆ." ಮುದ್ದಯ್ಯ ನೆಲ ನೋಡಿದ.

ಕೊನೆಗೆ ಕೋಟೆಯಾಚೆಯ ಹಳ್ಳಿಯಲ್ಲಿ ಒಂದು ಮನೆಯ ಮುಂದೆ ನಿಂತು ಕೆನೆಯಿತು. ಮುದುಕಿಯೊಬ್ಬಳು ಕಾಲಿಗೆ ನೀರು ಹಿಡಿದು ಓಡಿಬಂದಳು. ಅವಳು ಮುದ್ದಯ್ಯನ ಅತ್ತೆ.

"ಬಂದ್ರಾ ಅಳಿಯಂದಿರೇ? ನಿನ್ನೇನೂ ಕಾದಿದ್ದೆ, ಹೋಳಿಗೆ ಆರಿಹೋಯ್ತು."

ರಾಜ ಕೇಳಿದ, "ಇಲ್ಲಿಗೆ ಬಳೆ ಮಾರೋಕೆ ಬರ್ತಾರೇನಮ್ಮ?"

"ಬಳೆನಾ?" ಮುದುಕಿ ಕೈ ಮುಂದೆ ಚಾಚಿದಳು. "ಮಗಳ ಮದುವೇಲಿ ತೊಟ್ಟ ಬಳೆನೇ ಇನ್ನೂ ಕೈಯಲ್ಲಿದೆ ಸ್ವಾಮಿ. ಇವರು ಒಂದು ಬಳೆ ತಂದಿದ್ರೆ ಕೇಳಿ. ಹೋಗುವಾಗ ಹಲಸಿನ ಹಣ್ಣು ಮಾತ್ರ ಹೊತ್ಕೊಂಡು ಹೋಗ್ತಾರೆ."

ಸಾಕವ್ವ ಸೆರಗು ಬಾಯಿಗಿಟ್ಟು ನಕ್ಕಳು. ರಾಜ ಟವೆಲು ಬಿಚ್ಚಿದ. ಮುದ್ದಯ್ಯ ಕಾಲಿಗೆ ಬಿದ್ದ.

"ಕಸುಬಿನ ಪಾಲು ವಾಪಸು ತಗೋ. ತೋಪಿನದು, ಅತ್ತೆಮನೇದು ನಿನ್ನದೇ ಖರ್ಚು. ಇದುವರೆಗೆ ಹೆಚ್ಚಿಗೆ ತಗೊಂಡಿದ್ದನ್ನ ಕಟ್ಟೆಯಲ್ಲಿ ಎಣಿಸಿಡು" ಅಂದ ರಾಜ. ಕಸುಬಿನ ಉಳಿದವರಿಗೆ ಸುಂಕ ವಾಪಸು ಕೊಡುವುದನ್ನು ನಿಲ್ಲಿಸಲಿಲ್ಲ. ಕೆಂಪಕ್ಕನ ಕತ್ತೆ ಆ ಸಂಜೆ ಹೊಟ್ಟೆ ತುಂಬಾ ತಿಂದಿತು.

ಮಾರನೇ ವಾರ ಮುದ್ದಯ್ಯ ಹೆಂಡತಿಯನ್ನು ತಟ್ಟಿನ ಮೇಲೆ ಕೂರಿಸಿಕೊಂಡು ಕಟ್ಟೆಗೆ ಬಂದ. ಅವಳ ಮಡಿಲಲ್ಲಿ ಹಸಿರು ಬಳೆಯ ಗಂಟು. ಸಾಕವ್ವ ಬಾಯಿ ತೆರೆಯುವ ಮೊದಲೇ ಅವನೇ ಅಂದ, "ಅತ್ತೆಗೆ ಬಳೆ ತೊಡಿಸೋಕೆ ಕಣವ್ವ. ವ್ಯಾಪಾರ ಅಲ್ಲ."

ಅದಕ್ಕೇ ಮಕ್ಕಳೇ, ಕಸುಬಿಗೆ ಆದ ಖರ್ಚನ್ನು ಧೈರ್ಯವಾಗಿ ಕೇಳಿ ಪಡೆಯಿರಿ. ಮನೆಗೆ ಆದದ್ದನ್ನು ಊರಿನ ಮೇಲೆ ಹೊರಿಸಬೇಡಿ. ಹೊರಿಸಿದರೆ ಮೊದಲು ಹಸಿಯುವುದು ಕೆಂಪಕ್ಕನ ಕತ್ತೆ.