ಹೋಗಿ ಬರುವ ಲೆಕ್ಕ

ಶಿಷ್ಯ ಕೇಳಿದ: "ಗುರುಗಳೇ, ಮುನ್ನೆಚ್ಚರಿಕೆ ಒಳ್ಳೆಯದು ಎಂದವರು ನೀವೇ. ನಿನ್ನೆ ನನ್ನನ್ನು ಪುಕ್ಕಲ ಎಂದವರೂ ನೀವೇ. ಎಚ್ಚರ ಯಾವುದು, ಪುಕ್ಕಲುತನ ಯಾವುದು, ತಿಳಿಯುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಕರೆಂಟಿನ ಕಾರು ಕೊಂಡ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಇನ್ನೂರನಲವತ್ತು ಕಿಲೋಮೀಟರು ಓಡುವ ಕಾರು. ಕೊಂಡ ದಿನದಿಂದ ಅವನಿಗೆ ಒಂದೇ ಭಯ: ನಡುದಾರಿಯಲ್ಲಿ ಚಾರ್ಜ್ ಮುಗಿದರೆ? ಹೊರಡುವಾಗ ನಮ್ಮವರು ಯಾರೂ 'ಹೋಗ್ತೀನಿ' ಎನ್ನುವುದಿಲ್ಲ, 'ಹೋಗಿ ಬರ್ತೀನಿ' ಎನ್ನುತ್ತಾರೆ. ಈ ಪುಣ್ಯಾತ್ಮ ಆ ಮಾತನ್ನೇ ಲೆಕ್ಕವಾಗಿ ಹಿಡಿದ. ಹೋಗುವುದಕ್ಕೆ ಅರ್ಧ, ಬರುವುದಕ್ಕೆ ಅರ್ಧ. ನೂರಿಪ್ಪತ್ತರ ಆಚೆಗಿನ ಊರುಗಳೆಲ್ಲ ಅವನ ಪಾಲಿಗೆ ಇಲ್ಲದ ಊರುಗಳಾದವು.

ಅವನ ತಂಗಿ ಚೆನ್ನಾಜಮ್ಮನ ಊರು ನೂರಮೂವತ್ತು ಕಿಲೋಮೀಟರು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ. ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಅಣ್ಣಾ, ನಾಳೆ ನಂಗೆ ಆಪರೇಷನ್ನು. ಯಾಕೋ ಎದೆ ಡವಡವ ಅಂತಿದೆ. ಇವತ್ತು ಒಂದ್ಸಲ ಬಂದು ಮುಖ ತೋರ್ಸಪ್ಪ."

ಅವನು ಹೊರಟ. ತೊಂಬತ್ತನೇ ಕಿಲೋಮೀಟರಿನಲ್ಲಿ ಚಾರ್ಜ್ ಮಾಡುವ ಜಾಗವೊಂದಿತ್ತು, ಅದನ್ನೇ ನಂಬಿದ್ದ. ಚಾರ್ಜ್ ಉಳಿಯಲೆಂದು ಎಸಿ ಹಾಕಲಿಲ್ಲ. ಬೆವರು ಕಣ್ಣಿಗಿಳಿದರೂ ಆ ಕಣ್ಣು ರಸ್ತೆಗಿಂತ ಹೆಚ್ಚಾಗಿ ಎದುರಿನ ಚಾರ್ಜ್ ಅಂಕಿಯ ಮೇಲೇ ಇತ್ತು.

ಆ ಜಾಗ ತಲುಪಿದ. ಯಂತ್ರ ಕೆಟ್ಟು ನಿಂತಿತ್ತು. ಹೆದರುವವನ ಮೇಲೆ ಕಪ್ಪೆ ಎಸೆದ ಹಾಗಾಯಿತು. ತಂಗಿಗೆ ಫೋನು ಮಾಡಿದ.

"ಇನ್ನು ನಲವತ್ತೇ ಅಲ್ವಾ ಅಣ್ಣಾ, ಬಂದ್ಬಿಡು," ಎಂದಳು ಅವಳು. "ನಮ್ಮನೇಲೂ ಕರೆಂಟಿದೆ. ರಾತ್ರಿಯೆಲ್ಲ ಹಾಕಿಟ್ರೆ ತುಂಬ್ಕೊಳುತ್ತೆ. ಬೆಳಿಗ್ಗೆ ನನ್ ಜೊತೇಲೇ ಆಸ್ಪತ್ರೆಗೆ ಬರೋವಂತೆ."

"ಮನೆ ಕರೆಂಟನ್ನ ನಂಬೋಕಾಗಲ್ಲಮ್ಮ. ಅದೂ ಕೈಕೊಟ್ರೆ ನಾನು ವಾಪಸ್ ಬರೋದು ಹೇಗೆ? ನಾಳೆ ಮೊದಲ್ನೇ ಬಸ್ಸಿಗೇ ಬರ್ತೀನಿ."

"ಆಯ್ತು, ಹೋಗು," ಎಂದಳು ಅವಳು. 'ಹೋಗಿ ಬಾ' ಎನ್ನಲಿಲ್ಲ. ಅದು ಅವನ ಕಿವಿಗೆ ಬಿತ್ತು. ಆದರೂ ಕಾರಿನ ಭಯವೇ ದೊಡ್ಡದಾಗಿ, ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿದ.

ಮನೆ ಸುಖವಾಗಿ ಮುಟ್ಟಿದ. ಮರುದಿನ ಅವನು ಹತ್ತಿದ ಬಸ್ಸು ಇನ್ನೂ ದಾರಿಯಲ್ಲಿತ್ತು. ಆಪರೇಷನ್ ನಡೆಯುವಾಗಲೇ ತಂಗಿ ಹೋದಳೆಂದು ಅವಳ ಗಂಡನ ಫೋನು ಬಂತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಆ ವ್ಯಾಪಾರಿಯ ಮೇಲೆ ಮರುಕ ಹುಟ್ಟಿತ್ತು. "ಪಾಪ, ಅವನಾದರೂ ಏನು ಮಾಡಿಯಾನು? ಯಂತ್ರ ಕೆಟ್ಟಿತ್ತು. ಅಷ್ಟು ದೂರ ಹೋಗುವುದು ಅವನ ಕೈಮೀರಿದ ಮಾತಲ್ಲವೇ?" ಎಂದ.

ಗುರುಗಳು ಹೇಳಿದರು: "ಅವಳ ಊರು ನೂರಮೂವತ್ತು ಕಿಲೋಮೀಟರು, ಆ ದಿನ ಅವನು ಓಡಿಸಿದ್ದು ನೂರೆಂಬತ್ತು ಕಣಪ್ಪಾ."