ದೀಪ ಉಜ್ಜುವ ಪುಡಿ

"ದೀಪಕ್ಕೆ ಕಾಂತಿನೇ ಇಲ್ಲ ಕಣ್ರೀ. ನಾಳೆ ಬರ್ತಾ ಒಂಚೂರು ಪುಡಿ ತನ್ನಿ."

ಶಿವನಂಜಿ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಮರಿಲಿಂಗ "ತರ್ತೀನಿ" ಅಂದ. ಬೆಳಗಾಗುವುದರೊಳಗೆ ಅವಳ ಉಸಿರು ನಿಂತಿತ್ತು.

ತಿಥಿ ಮುಗಿಸಿ ಅವನು ಹೊಳೆದಂಡೆಯ ಮಠಕ್ಕೆ ಬಂದ. ಹರೆಯದಿಂದಲೂ ಅವನು ನಂಬಿ ನಡೆದುಕೊಂಡು ಬಂದ ಗುರು ಅಜ್ಜಯ್ಯ. ಜಗಲಿಯ ಮೇಲೆ ಕೂತು ಹಿತ್ತಾಳೆ ದೀಪದ ಜಿಡ್ಡು ಒರೆಸುತ್ತಿದ್ದರು.

"ಅಜ್ಜಯ್ಯ, ಅವಳ ಹೆಸರಲ್ಲಿ ಮಠಕ್ಕೊಂದು ದೊಡ್ಡ ದೀಪ ಮಾಡಿಸ್ಕೊಡ್ತೀನಿ."

"ಇರೋ ದೀಪ ಉಜ್ಜೋಕೇ ರಟ್ಟೆ ಸೋಲ್ತದೆ. ಏನ್ ಮುಚ್ಚಿಡೋಕೋ ಅಷ್ಟು ಬೆಳಕು?"

ಮರಿಲಿಂಗ ಕಂಬಕ್ಕೆ ಒರಗಿದ.

ಅವನು ಕನ್ನಡಕದ ಗಾಜು ನುಣುಪು ಮಾಡುವ ಕಾರ್ಖಾನೆಯ ಕೆಲಸಗಾರ. ಗಾಜು ಉಜ್ಜುವ ಪುಡಿ ತಿಳಿಗೆಂಪು, ಹಿಟ್ಟಿಗಿಂತ ನಯ. "ಅಪರೂಪದ ಮಣ್ಣಿಂದ ತೆಗೆದದ್ದು, ಹುಷಾರು" ಅಂದಿದ್ದರು ಮೇಸ್ತ್ರಿ. ಅಪರೂಪ ಅಂದದ್ದು ಕಿವಿಗೆ ಬಿತ್ತು. ಹುಷಾರು ಅಂದದ್ದು ಬೀಳಲಿಲ್ಲ. ಬುತ್ತಿ ಡಬ್ಬಿಯಲ್ಲಿ ಮನೆಗೆ ತಂದ. ಶುಕ್ರವಾರದ ದೀಪ ಬಂಗಾರದಂತೆ ಹೊಳೆಯಿತು. ಬೀದಿಯ ಹೆಂಗಸರೆಲ್ಲ ಕೈಚಾಚಿದರು. ಕೊಟ್ಟ. ಮಠಕ್ಕೂ ಕೊಟ್ಟ.

"ಅವಳಿಗೆ ಉಬ್ಬಸ ಹತ್ತಿದಾಗ ಡಾಕ್ಟ್ರು ಕೇಳಿದ್ರು ಅಜ್ಜಯ್ಯ. ಎದೇಲಿ ದೂಳು ಕೂತದೆ, ಇದು ಪುಡಿ ಚೀಲ ಸುರಿಯೋರಿಗೆ ಬರೋ ಕಾಯಿಲೆ, ಮನೇಲಿರೋ ಹೆಂಗಸಿಗೆ ಹೆಂಗೆ ಬಂತು ಅಂತ. ಗೊತ್ತಿಲ್ಲ ಅಂದೆ."

"ಅವಳಿಗಾದ್ರೂ ಪುಡಿ ವಿಷ್ಯ ಹೇಳ್ದೆಯಾ?"

"ಇಲ್ಲ. ಕಾರ್ಖಾನೇಲಿ ನಾನು ಮೂಗಿಗೆ ಬಟ್ಟೆ ಕಟ್ಕೊಂಡೇ ಇರ್ತಿದ್ದೆ. ಅವಳು ಬರೀ ಮೂಗಲ್ಲಿ ಉಜ್ಜೋಳು. ಉಜ್ಜಿ ಉಫ್ ಅಂತ ಊದೋಳು."

ಹೊಳೆಯ ಕಡೆಯಿಂದ ಗಾಳಿ ಬಂತು.

"ಈಗ ನಿನ್ ಬೀದೀಲಿ ಯಾರ್ಯಾರ ಮನೆ ದೀಪ ಹೊಳೀತದೆ?"

"ಎಲ್ಲರದೂ."

"ಅವರಿಗೆ ಹೇಳ್ದೆಯಾ?"

"ನಾಚ್ಕೆ ಆಯ್ತದೆ ಅಜ್ಜಯ್ಯ. ಕಟ್ಕೊಂಡೋಳಿಗೇ ವಿಷ ತಂದ್ಕೊಟ್ಟೋನು ಅಂತಾರೆ. ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಅಜ್ಜಯ್ಯ ದೀಪ ಕೆಳಗಿಟ್ಟರು. ಅವನೇ ಕೊಟ್ಟಿದ್ದ ಪುಡಿ ಡಬ್ಬಿಯನ್ನು ಗೋಡೆಯ ಗೂಡಿನಿಂದ ತೆಗೆದರು. ಮುಚ್ಚಳ ಬಿಚ್ಚಿದರು. ಚಿಟಿಕೆ ಪುಡಿ ದೀಪಕ್ಕೆ ಸವರಿ, ಊದಲು ಬಗ್ಗಿದರು.

ಆ ಮಠದಲ್ಲಿ ಗುರುವಿನ ಪಾದ ಮುಟ್ಟಬಹುದು, ಕೈ ಹಿಡಿಯುವಂತಿಲ್ಲ. ಮರಿಲಿಂಗ ಹಾರಿ ಬಂದು ಮಣಿಕಟ್ಟು ಹಿಡಿದು ಎಳೆದ.

"ಬೇಡಿ ಅಜ್ಜಯ್ಯ! ಬೇಡಿ!"

ಮುಚ್ಚಳ ಉರುಳಿ ಅಂಗಳಕ್ಕೆ ಬಿತ್ತು.

"ನನ್ ಕೈ ಹಿಡಿಯೋಕೆ ನಾಚ್ಕೆ ಆಗ್ಲಿಲ್ವಲ್ಲೋ" ಅಂದರು ಅಜ್ಜಯ್ಯ.

ಮಾರನೆಯ ಬೆಳಿಗ್ಗೆ ಎದುರುಮನೆ ಕೆಂಪಾಜಮ್ಮ ದೀಪ ಉಜ್ಜುತ್ತಾ ಜಗಲಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಪುಡಿ ಡಬ್ಬಿ.

"ಬಾರಣ್ಣ. ಅಕ್ಕ ಹೋದ್ಮೇಲೆ ನಮ್ಮನ್ನೆಲ್ಲ ಮರ್ತೇಬಿಟ್ಟೆ. ಪುಡಿ ತಂದ್ಯಾ?"

"ಇಲ್ಲ ಕಣವ್ವ. ಕೊಟ್ಟದ್ದನ್ನ ವಾಪಸ್ ಇಸ್ಕೊಳ್ಳೋಕೆ ಬಂದೆ. ನಿಮ್ಮಕ್ಕ ಇದ್ರಿಂದ್ಲೇ ಹೋದ್ಲು. ತಂದ್ಕೊಟ್ಟೋನು ನಾನೇ."

ಅವಳ ಕೈ ನಿಂತಿತು.

ಅವನು ತಲೆ ಎತ್ತಲಿಲ್ಲ. ಡಬ್ಬಿ ಇಸಿದುಕೊಂಡು, ಪಕ್ಕದ ಮನೆಯ ಬಾಗಿಲು ಬಡಿದ.