ಹಳೇ ವ್ಯಾನು, ಹೊಸ ಹಾರ್ನು, ತಾಯಿಬೆಕ್ಕು

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತೇ ಇದ್ದ ವ್ಯಾನನ್ನು ತಿಪ್ಪೇಶಿಯ ಮನೆಮಂದಿ ಸೇರಿ ಊರೂರು ಸುತ್ತುವ ಪುಟ್ಟ ಮನೆಯನ್ನಾಗಿ ಮಾಡಿದರು. ಮುರಿದ ಮಂಚದ ಹಲಗೆ ಹಾಸಿಗೆಯಾಯಿತು, ಹೆಂಡತಿ ಸಾಕಮ್ಮನ ಹಳೇ ಸೀರೆ ಪರದೆಯಾಯಿತು. ಅಂಗಡಿಯಿಂದ ತಂದದ್ದು ಹಾರ್ನು ಒಂದೇ.

ಅದಕ್ಕೆ ಸೊಕ್ಕು. ಸೀಟಿನಡಿ ಮರಿ ಹಾಕಿದ್ದ ಬೆಕ್ಕನ್ನು ಕಂಡು, “ಇದು ಪ್ರವಾಸದ ಗಾಡಿ. ನಿನ್ನ ಸಂಸಾರ ಎತ್ತಿಕೊಂಡು ನಡೆ,” ಎಂದಿತು.

ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ, ಎಂಜಿನ್ನಿನ ಸಂದಿಯಲ್ಲಿ ಮಲಗಿಸಿ, ಆಹಾರ ಹುಡುಕಲು ಹೊರಟಿತು.

ವ್ಯಾನು ಹಾರ್ನಿಗೆ ಹೇಳಿತು: “ವೈರುಗಳೆಲ್ಲ ಸರಿಯಾಗಿವೆಯೆಂದು ಮೆಕ್ಯಾನಿಕ್ಕೇ ಬೆರಗಾದ. ಹಾಳಾಗಿದ್ದರೆ ಹೊಸದು ಹಾಕಿಸುವ ಶಕ್ತಿ ಇವರಿಗಿರಲಿಲ್ಲ. ಇಷ್ಟು ವರ್ಷ ಇಲಿಗಳನ್ನು ನನ್ನ ಹತ್ತಿರ ಸುಳಿಯಗೊಡದವಳು ಆ ತಾಯಿ. ನಿನಗೆ ದನಿ ಬಂದದ್ದೂ ಅವಳಿಂದಲೇ.”

ಅಷ್ಟರಲ್ಲಿ ಎಲ್ಲರೂ ಹತ್ತಿ ಕೂತರು. ತಿಪ್ಪೇಶಿ ಕೀಲಿ ತಿರುಗಿಸಿದ. ವ್ಯಾನು ಮಿಸುಕಲಿಲ್ಲ.

“ಹೊರಡು! ಇಲ್ಲದಿದ್ದರೆ ಗುಜರಿಗೆ ಹಾಕುತ್ತಾರೆ,” ಎಂದು ಹಾರ್ನು ನಡುಗಿತು.

“ಹಾಕಲಿ,” ಎಂದಿತು ವ್ಯಾನು.

ತಿಪ್ಪೇಶಿ ಇಳಿದು ಬಾನೆಟ್ ಎತ್ತಿದ. ಒಳಗೆ ಮರಿಗಳು ಮುದುಡಿ ಮಲಗಿದ್ದವು.

“ಅಯ್ಯೋ ಶಿವನೇ! ಈ ಕೂಸುಗಳನ್ನ ಬಿಟ್ಟು ಹೆಂಗೆ ಹೋಗೋದು?” ಎಂದು ಸಾಕಮ್ಮ ಅವನ್ನು ಸೆರಗಿನಲ್ಲಿ ಎತ್ತಿಕೊಂಡು ಬಂದು ಹಲಗೆಯ ಮೇಲೆ ಮಲಗಿಸಿದಳು.

ಈ ಸಲ ಕೀಲಿ ತಿರುಗಿಸಿದ್ದೇ ತಡ, ವ್ಯಾನು ಗುರ್ರೆಂದು ಹೊರಟಿತು. ಹಿಂದಿನಿಂದ ತಾಯಿಬೆಕ್ಕು ಓಡಿ ಬರುವುದನ್ನು ಕಂಡ ಹಾರ್ನು, ಯಾರೂ ಒತ್ತದೆಯೇ ದನಿ ತೆಗೆದು ಕೂಗಿತು:

“ನಿಲ್ಲಿಸಿ! ನಮ್ಮ ಮನೆಯವರು ಇನ್ನೊಬ್ಬರು ಹತ್ತಬೇಕು!”